ನೋಡಿದ್ದನ್ನು ಹೇಳಿದ ಮೇಲೆ

ದ್ರಾಕ್ಷಿ ಬಳ್ಳಿಯನ್ನು ಬುಡದಲ್ಲಿ ಕುಯ್ದರೆ ಅದು ತಕ್ಷಣ ಸಾಯುವುದಿಲ್ಲ. ಚಪ್ಪರದ ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಗೊಂಚಲು ತೂಗುತ್ತಲೇ ಇರುತ್ತದೆ. ದಾರಿಯಲ್ಲಿ ಹೋಗುವವರಿಗೆ ಏನೂ ತಿಳಿಯುವುದಿಲ್ಲ. ಮಾರನೆಯ ದಿನ ಬಿಸಿಲೇರಿದ ಮೇಲೆ ಎಲೆಗಳು ಅಂಚಿನಿಂದ ಮುದುಡಲು ಶುರುವಾಗುತ್ತವೆ. ಇದು ನನಗೆ ಗೊತ್ತಾದದ್ದು ನನ್ನ ಮಗನಿಂದ.

ಆಗ ನಾನು ನಮ್ಮೂರಿನ ಅಂಗನವಾಡಿಯಲ್ಲಿ ಟೀಚರಾಗಿದ್ದೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಒಂದೇ ಕೋಣೆಯ ಅಂಗನವಾಡಿ, ಮುಂದೆ ಒಂದು ನಲ್ಲಿ, ನಲ್ಲಿಯಾಚೆ ನಮ್ಮ ಭಾವನವರ ದ್ರಾಕ್ಷಿ ತೋಟ. ಭಾವ ಎಂದರೆ ನನ್ನ ಗಂಡನ ಅಣ್ಣ. ಅವರ ಹೆಂಡತಿ ತೀರಿಕೊಂಡಿದ್ದರು, ಇದ್ದೊಬ್ಬ ಮಗಳನ್ನು ಅರಿಶಿನಕುಂಟೆಗೆ ಕೊಟ್ಟಿದ್ದರು. ನನ್ನ ಗಂಡ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಾ ಅಲ್ಲೇ ಉಳಿದುಕೊಂಡು ಭಾನುವಾರ ಮಾತ್ರ ಊರಿಗೆ ಬರುತ್ತಿದ್ದರು. ಹಾಗಾಗಿ ನಮ್ಮ ಒಬ್ಬನೇ ಮಗ ಬೆಳೆದದ್ದೆಲ್ಲ ದೊಡ್ಡಪ್ಪನ ಹಿಂದೆಯೇ. ನೀರು ಕಟ್ಟುವುದು, ಔಷಧಿ ಹೊಡೆಯುವುದು, ಯಾವ ಚಿಗುರುಗಣ್ಣು ಬಿಟ್ಟು ಯಾವ ಕಡ್ಡಿ ಕತ್ತರಿಸಬೇಕು ಅನ್ನುವುದು, ಎಲ್ಲವನ್ನೂ ಅವರೇ ಕಲಿಸಿದರು. ಹೈಸ್ಕೂಲಿನಲ್ಲಿದ್ದಾಗಲೇ ಇಡೀ ತೋಟದ ಕಟಿಂಗನ್ನು ಅವನು ಒಬ್ಬನೇ ಮಾಡಿ ಮುಗಿಸುತ್ತಿದ್ದ.

ಏರ್‌ಪೋರ್ಟಿನ ಕೆಲಸ ಶುರುವಾದ ಮೇಲೆ ನಮ್ಮ ಕಡೆ ಎಲ್ಲರ ಮಾತೂ ಬದಲಾಯಿತು. ಬೆಳಗಿನಿಂದ ಸಂಜೆಯವರೆಗೆ ಮಣ್ಣು ತುಂಬಿದ ಟಿಪ್ಪರುಗಳು ಹೋಗುತ್ತಿದ್ದವು. ಮಕ್ಕಳಿಗೆ ಹಾಕುವ ಅನ್ನದ ತಟ್ಟೆಯ ಮೇಲೆ ಧೂಳು ಕೂರುತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಎದ್ದವು, ಸಣ್ಣ ಸಣ್ಣ ಬಾವುಟಗಳು ಹಾರಾಡಿದವು. ಗುರುತಿಲ್ಲದ ಜನ ಕಾರಿನಿಂದ ಇಳಿದು ಹೊಲದ ಮಧ್ಯೆ ನಿಂತು ಕೈ ತೋರಿಸಿ ಮಾತಾಡಿಕೊಂಡು ಹೋಗುತ್ತಿದ್ದರು.

ಮಗ ಪಿಯುಸಿ ಅರ್ಧಕ್ಕೆ ಬಿಟ್ಟು ಮೊದಲು ಟಿಪ್ಪರ್ ಓಡಿಸಿದ. ಆಮೇಲೆ ಹೊಸಕೋಟೆ ಕಡೆಯ ಒಬ್ಬನ ಜೊತೆ ಸೇರಿಕೊಂಡ. ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು. ಅಣ್ಣನ ಕೆಲಸ ಏನು ಎಂದು ಕೇಳಿದರೆ ಮಗ ‘ಸೈಟ್ ನೋಡ್ಕೊಳ್ಳೋದು’ ಅನ್ನುತ್ತಿದ್ದ. ಮನೆಯೊಳಗೆ ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದ. ಒಂದು ಬಿಳಿ ಕಾರು ಅವನನ್ನು ಬಿಟ್ಟು ಹೋಗುತ್ತಿತ್ತು, ಕರೆದುಕೊಂಡು ಹೋಗುತ್ತಿತ್ತು. ಅದರೊಳಗೆ ಕೂತವರು ಒಂದು ದಿನವೂ ಇಳಿದು ನೀರು ಕೇಳಲಿಲ್ಲ.

ಭಾವನವರ ತೋಟ ರಸ್ತೆಗೂ ಅಣ್ಣ ಮಾಡುತ್ತಿದ್ದ ಲೇಔಟಿಗೂ ನಡುವೆ ಇತ್ತು. ಭಾವ ತೋಟ ಕೊಡುವುದಿಲ್ಲ ಎಂದಿದ್ದರು. ಎರಡು ಸಲ ಜನ ಬಂದು ಕೇಳಿ ಹೋಗಿದ್ದರು. ಮೂರನೆಯ ಸಲ ಯಾರೂ ಬರಲಿಲ್ಲ. ಅದನ್ನು ಭಾವ ಒಳ್ಳೆಯದೆಂದುಕೊಂಡರು. ನಾನು ಮಾತ್ರ ಬಿಳಿ ಕಾರು ಬಂದಾಗಲೆಲ್ಲ ತೋಟದ ಕಡೆ ನೋಡುತ್ತಿದ್ದೆ.

ಆ ದಿನ ಭಾವ ಮಗಳ ಮನೆಗೆ ಹೋಗಿದ್ದರು. ಮಧ್ಯಾಹ್ನ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ ನಾನು ಬಾಗಿಲ ಬಳಿ ರಿಜಿಸ್ಟರ್ ಬರೆಯುತ್ತಾ ಕೂತಿದ್ದೆ. ತೋಟದೊಳಗಿಂದ ಮೂವರು ಹೊರಬಂದರು. ಇಬ್ಬರು ನೇರವಾಗಿ ರಸ್ತೆಗೆ ನಡೆದರು. ಕೊನೆಯವನು ನನ್ನ ಮಗ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಏನೋ ಇತ್ತು. ತುದಿಯಲ್ಲಿ ಗರಗಸದ ಹಿಡಿ ಕಾಣುತ್ತಿತ್ತು. ಅವನು ನಲ್ಲಿಯ ಹತ್ತಿರ ಬಂದು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ತೊಳೆದ. ಉಗುರಿನ ಸಂದಿಯ ಮಣ್ಣನ್ನು ಒಂದೊಂದಾಗಿ ತೆಗೆದ.

“ಮಕ್ಕಳು ಮಲಗವ್ರಾ?” ಎಂದು ಮೆಲ್ಲಗೆ ಕೇಳಿದ.

“ಹೂಂ. ತೋಟದಲ್ಲೇನ್ ಮಾಡ್ತಿದ್ದೆ?”

“ಹಣ್ಣು ಹೆಂಗೈತೆ ನೋಡ್ತಾ ಇದ್ದೆ.”

“ಹೆಂಗೈತೆ?”

“ಚೆನ್ನಾಗೈತೆ,” ಎಂದು ಹೇಳಿ ಹೋದ.

ನಾನು ಎದ್ದು ಹೋಗಿ ನೋಡಬಹುದಿತ್ತು. ಸಹಾಯಕಿ ಊಟಕ್ಕೆ ಹೋಗಿದ್ದಾಳೆ, ಮಕ್ಕಳನ್ನು ಬಿಟ್ಟು ಹೇಗೆ ಹೋಗುವುದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಬೀಗ ಹಾಕಿ ತೋಟದ ಪಕ್ಕದಲ್ಲೇ ಮನೆಗೆ ನಡೆದೆ. ಎಲೆಯೆಲ್ಲ ಹಸಿರಾಗಿತ್ತು. ಸುಮ್ಮನೆ ಅನುಮಾನಪಟ್ಟೆ ಎಂದು ಮನಸ್ಸಿಗೆ ಸಮಾಧಾನವೂ ಆಯಿತು.

ಮಾರನೆಯ ದಿನ ಹನ್ನೊಂದು ಗಂಟೆ ಹೊತ್ತಿಗೆ ಭಾವ ಅಂಗನವಾಡಿಯ ಬಾಗಿಲಿಗೆ ಬಂದರು. ಅವರು ಹಾಗೆ ಬಾಗಿಲಿಗೆ ಬಂದು ನನ್ನನ್ನು ಕರೆದವರೇ ಅಲ್ಲ.

“ಒಸಿ ಬಾರಮ್ಮ. ತೋಟ ಯಾಕೋ ಬಾಡ್ತೈತೆ,” ಎಂದರು.

ಸಹಾಯಕಿಗೆ ಮಕ್ಕಳನ್ನು ಒಪ್ಪಿಸಿ ಹೋದೆ. ಚಪ್ಪರದ ಕೆಳಗೆ ಎಂದಿನ ತಂಪು ಇರಲಿಲ್ಲ. ಮುದುಡಿದ ಎಲೆಗಳ ಸಂದಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಭಾವ ಒಂದು ಬುಡದ ಹತ್ತಿರ ಕೂತು ಮಣ್ಣು ಸರಿಸಿದರು. ಮಣ್ಣಿನೊಳಗೆ, ಬೇರಿಗೆ ತಾಗಿದಂತೆ, ಬಳ್ಳಿಯನ್ನು ಕುಯ್ದಿದ್ದರು. ಕುಯ್ದ ಮೇಲೆ ಮಣ್ಣನ್ನು ಮತ್ತೆ ಎಳೆದು ಮೇಲೆ ಒಣಗಿದ ಎಲೆ ಹರಡಿದ್ದರು. ಎರಡನೆಯ ಬುಡ, ಮೂರನೆಯದು. ಒಂದನ್ನೂ ಬಿಟ್ಟಿರಲಿಲ್ಲ.

ಅವರು ಕಲ್ಲುಕಂಬಕ್ಕೆ ಒರಗಿ ಕೂತರು. ಆಮೇಲೆ ಹೇಳಿದರು: “ಗೊತ್ತಿಲ್ದೋರು ಮೇಲಕ್ಕೆ ಕುಯ್ತಾರೆ. ಅದು ಮತ್ತೆ ಚಿಗುರ್ತದೆ. ಇದು ಚಿಗುರಬಾರ್ದು ಅಂತ ಗೊತ್ತಿರೋರು ಕುಯ್ದಿರೋದು.”

ನಮ್ಮೂರಿನಲ್ಲಿ ಅದನ್ನು ಅವರಿಂದ ಕಲಿತವನು ಒಬ್ಬನೇ. ಅವರು ನನ್ನ ಮುಖ ನೋಡಲಿಲ್ಲ. ನಾನು ನೋಡಿದ್ದನ್ನು ಹೇಳದೆ ಅಂಗನವಾಡಿಗೆ ಹಿಂತಿರುಗಿದೆ.

ಭಾನುವಾರ ಗಂಡ ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಊಟದ ತಟ್ಟೆ ಪಕ್ಕಕ್ಕಿಟ್ಟರು.

“ನೀನು ನೋಡಿಲ್ಲ.”

“ನೋಡ್ದೆ. ನಲ್ಲಿ ಹತ್ರ ನಿಂತು ಮಾತಾಡಿಸ್ದ.”

“ನೋಡಿಲ್ಲ ಅಂದ್ಕೊ. ಇರೋನು ಒಬ್ಬ ಮಗ. ಅವನ ಹಿಂದೆ ಇರೋರು ಎಂಥೋರು ಅಂತ ನಿಂಗೆ ಗೊತ್ತಿಲ್ಲ.”

“ಅವರು ನಿಮ್ಮಣ್ಣ ಅಲ್ವಾ?”

ಅವರು ಗೋಡೆಯ ಕಡೆ ತಿರುಗಿದರು. ಅಳುತ್ತಿದ್ದಾರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನಾನು ಸುಮ್ಮನೆ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ತೋಟದ ಪಂಪಿನ ಕೋಣೆಯಲ್ಲಿ ಮಡಕಶಿರದ ಕಡೆಯಿಂದ ಬಂದ ಗಂಡಹೆಂಡತಿ ಇದ್ದರು. ತೋಟದ ಕೆಲಸಕ್ಕೆಂದೇ ಬಂದವರು, ತೆಲುಗಿನವರು. ಅವರ ಮಗಳು ನನ್ನ ಅಂಗನವಾಡಿಗೆ ಬರುತ್ತಿದ್ದಳು. ಘಟನೆ ನಡೆದ ದಿನ ಅವರು ಸಂತೆಗೆ ಹೋಗಿದ್ದರು. ಅದನ್ನು ನಂಬುವವರು ಯಾರೂ ಇರಲಿಲ್ಲ. ಹೊರಗಿನವರು, ದುಡ್ಡು ತಿಂದು ಕುಯ್ದಿದ್ದಾರೆ ಎಂದು ಯಾರೋ ಮಾತು ಹಬ್ಬಿಸಿದರು. ಯಾರು ಹಬ್ಬಿಸಿದರು ಎಂದು ಯೋಚಿಸಲು ನನಗೆ ಭಯವಾಗುತ್ತಿತ್ತು.

ಸೋಮವಾರ ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಆ ಗಂಡಸನ್ನು ಹಿಡಿದು ತಂದು ಡೈರಿಯ ಕಂಬಕ್ಕೆ ಒತ್ತಿ ನಿಲ್ಲಿಸಿದ್ದರು. ಅವನ ಅಂಗಿ ಹರಿದಿತ್ತು. “ನೇನು ಕಾದು ಸಾಮಿ, ನೇನು ಕಾದು,” ತಾನಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮಗ ರಸ್ತೆಯಾಚೆ ಬಿಳಿ ಕಾರಿಗೆ ಒರಗಿಕೊಂಡು ನೋಡುತ್ತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಜ್ವರ ಬಂದಾಗ, ಪರೀಕ್ಷೆಯಲ್ಲಿ ನಪಾಸಾದಾಗ, ಸುಳ್ಳು ಹೇಳಿದಾಗ, ಎಲ್ಲ ಹೊತ್ತಿನಲ್ಲೂ ಆ ಮುಖವನ್ನು ಓದಿದವಳು ನಾನು. ಅವತ್ತು ಅದನ್ನು ಓದಲು ನನ್ನಿಂದ ಆಗಲಿಲ್ಲ. ಯಾರೋ ಬಕೆಟ್ಟಿನ ಹಗ್ಗ ತಂದರು.

“ಅವನನ್ನ ಬಿಡಿ. ಕುಯ್ದಿದ್ದು ಅವನಲ್ಲ,” ಎಂದೆ. “ನಾನು ನೋಡ್ದೆ. ನನ್ನ ಮಗ.”

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಜನ ನನ್ನನ್ನು ನೋಡಲಿಲ್ಲ, ಕಾರಿನ ಕಡೆಗೂ ನೋಡಲಿಲ್ಲ, ಎಲ್ಲರೂ ನೆಲ ನೋಡಿದರು. ಮಗ ರಸ್ತೆ ದಾಟಿ ನಡೆದು ಬಂದ. ಅವನು ನನ್ನ ಮೇಲೆ ಕೈ ಮಾಡುತ್ತಾನೆಂದು ಆ ತೆಲುಗಿನ ಹೆಂಗಸು ಹಿಂದೆ ಸರಿದಳು.

“ಹೇಳ್ಬಿಟ್ಟಲ್ಲಮ್ಮ,” ಎಂದ. ದನಿ ಏರಿಸಲಿಲ್ಲ. “ಇನ್ಮೇಲೆ ಹುಷಾರಾಗಿರು.”

ಕಾರು ಹತ್ತಿ ಹೋದ. ಕಂಬಕ್ಕೆ ಒತ್ತಿದ್ದವರು ಆ ಗಂಡಸನ್ನು ಬಿಟ್ಟರು. ಆ ಮಾತು ನನ್ನ ಮೇಲಿನ ಕಾಳಜಿಯೋ ಬೆದರಿಕೆಯೋ ನನಗೆ ಆಗಲೂ ತಿಳಿಯಲಿಲ್ಲ, ಆಮೇಲೆ ಎಷ್ಟು ವರ್ಷ ಯೋಚಿಸಿದರೂ ತಿಳಿಯಲಿಲ್ಲ.

ಭಾವ ಪೊಲೀಸರಿಗೆ ದೂರು ಕೊಡಲಿಲ್ಲ. ನಾಲ್ಕೇ ತಿಂಗಳಲ್ಲಿ ತೋಟ ಮಾರಿ ಮಗಳ ಮನೆಗೆ ಹೊರಟುಹೋದರು. ಹೋಗುವ ದಿನ ನನ್ನ ಹತ್ತಿರ ಬಂದು, “ನೀನು ಹೇಳ್ಬಾರ್ದಿತ್ತಮ್ಮ. ನಂಗೆ ಗೊತ್ತಿತ್ತು,” ಎಂದರು. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಅವರ ಮಣ್ಣಿಗೆ ಮಗ ಬರುತ್ತಾನೆಂದು ನಾನು ದಾರಿ ನೋಡಿದೆ, ಬರಲಿಲ್ಲ. ತೋಟವಿದ್ದ ಜಾಗದ ಸುತ್ತ ಆಳೆತ್ತರದ ಕಾಂಪೌಂಡ್ ಎದ್ದಿತು. ನನ್ನ ಅಂಗನವಾಡಿಯ ಬಾಗಿಲಿಗೆ ಬೆಳಗಿನ ಬಿಸಿಲು ಬರುವುದು ನಿಂತುಹೋಯಿತು.

ವಿಮಾನಗಳು ಹಾರತೊಡಗಿದವು. ಮೊದಮೊದಲು ಮಕ್ಕಳು ಊಟ ಬಿಟ್ಟು ಓಡಿಹೋಗಿ ನೋಡುತ್ತಿದ್ದರು, ಆಮೇಲೆ ತಲೆ ಎತ್ತುವುದನ್ನೂ ಬಿಟ್ಟರು. ಗಂಡ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬದಲಿಗೆ ಭಾನುವಾರಗಳಂದೂ ಶೆಡ್ಡಿನಲ್ಲೇ ಉಳಿಯತೊಡಗಿದರು. ಊರಿನವರು ಮಾತಾಡಿಸುತ್ತಿದ್ದರು, ಆದರೆ ಮಗನ ವಿಷಯ ಬರುವಷ್ಟರಲ್ಲಿ ಮಾತು ತಿರುಗಿಸುತ್ತಿದ್ದರು. ಕೆಲವರು ತಮ್ಮ ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನು ನಿಲ್ಲಿಸಿದರು. ಕಾರಣ ಕೇಳಿದರೆ ಏನೋ ಒಂದು ಹೇಳುತ್ತಿದ್ದರು.

ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಒಂದು ಬಿಳಿ ಕಾರು ಬಂದು ಕಾಂಪೌಂಡಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ಕಪ್ಪು ಗಾಜು. ಯಾರೂ ಇಳಿಯುತ್ತಿರಲಿಲ್ಲ. ಹತ್ತು ನಿಮಿಷ ನಿಂತು ಹೋಗುತ್ತಿತ್ತು. ಒಳಗೆ ಮಗ ಇದ್ದಾನೆ, ನನ್ನನ್ನು ನೋಡಲು ಬಂದಿದ್ದಾನೆ ಎಂದು ಒಂದು ಸಲ ಅನ್ನಿಸುತ್ತಿತ್ತು. ಇನ್ನೊಂದು ಸಲ, ಒಳಗಿರುವವರು ಅವನಲ್ಲ, ನನ್ನ ಮೇಲೆ ಕಣ್ಣಿಡಲು ಬಂದವರು ಎಂದು ಅನ್ನಿಸಿ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಗನಿಗೆ ಹೆದರುತ್ತಿದ್ದೆನೋ ಮಗನಿಗಾಗಿ ಹೆದರುತ್ತಿದ್ದೆನೋ ನನಗೇ ಗೊತ್ತಾಗುತ್ತಿರಲಿಲ್ಲ. ನೀಲಗಿರಿ ತೋಪಿನ ಅಡ್ಡದಾರಿಯಲ್ಲಿ ನಡೆಯುವುದನ್ನು ಬಿಟ್ಟು, ಸುತ್ತಾದರೂ ಸರಿ ಎಂದು ರಸ್ತೆಯಲ್ಲೇ ಹೋಗತೊಡಗಿದೆ.

ಹೀಗೆ ಮೂರು ವರ್ಷ ಕಳೆದ ಮೇಲೆ ಅವನು ಹೊಸಕೋಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ ಇದ್ದಾನೆಂದು ಗೊತ್ತಾಯಿತು. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಮೆಟ್ಟಿಲು ಹತ್ತುವಾಗಲೇ ಬಾಗಿಲ ಹೊರಗೆ ಗಂಡಸರ ಚಪ್ಪಲಿ, ಶೂಗಳು ರಾಶಿ ಬಿದ್ದಿದ್ದು ಕಂಡಿತು. ಒಳಗಿನಿಂದ ಮಾತು ಕೇಳುತ್ತಿತ್ತು. ನಾನು ಬಾಗಿಲು ತಟ್ಟಿದ ಕೂಡಲೇ ಆ ಮಾತೆಲ್ಲ ಒಟ್ಟಿಗೆ ನಿಂತಿತು.

ಬಾಗಿಲು ತೆರೆದವಳು ಒಬ್ಬ ಹುಡುಗಿ. ತುಂಬು ಬಸುರಿ. ನಾನು ಯಾರೆಂದು ಹೇಳಿದಾಗ ಅವಳು ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

“ಅವ್ರು ಎಲ್ರ ಹತ್ರಾನೂ ಅಮ್ಮ ಇಲ್ಲ ಅಂದವ್ರೆ,” ಎಂದಳು.

“ಒಳಗವ್ನಾ?”

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. ನನ್ನ ಕೈ ಹಿಡಿದು ಎರಡು ಮೆಟ್ಟಿಲು ಕೆಳಗೆ ಇಳಿಸಿದಳು. 

“ಇಲ್ಲಿಗೆ ಬರ್ಬೇಡಿ ಅತ್ತೆ. ಇವ್ರೆಲ್ಲ ಹೊಸಬ್ರು. ನಿಮ್ಮನೆ ಎಲ್ಲಿ ಅಂತ ಇವರ್ಯಾರಿಗೂ ಗೊತ್ತಾಗೋದು ಬೇಡ ಅಂತ ಅವ್ರು ಹೇಳ್ತಾರೆ.”

ಅತ್ತೆ ಎಂದು ಅವಳು ಕರೆದದ್ದನ್ನು ನಾನು ಬಸ್ಸಿನಲ್ಲಿ ಕೂತ ಮೇಲೆ ಗಮನಿಸಿದೆ. ಹಾಗಾದರೆ ಕಾಂಪೌಂಡಿನ ಮೂಲೆಯಲ್ಲಿ ನಿಲ್ಲುತ್ತಿದ್ದ ಕಾರು ಯಾರದು ಎಂಬ ಪ್ರಶ್ನೆಯೂ ಅಲ್ಲೇ ಹುಟ್ಟಿತು. ಊರು ಬರುವವರೆಗೂ ಅದೇ ತಲೆಯಲ್ಲಿ ಸುತ್ತಿತು.

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಸೊಸೆ ಯಾರದೋ ಫೋನಿನಿಂದ ತಿಳಿಸಿದಳು. ಆಮೇಲೆ ಎರಡೂವರೆ ವರ್ಷ ಏನೂ ಇಲ್ಲ. ಒಂದು ಬೆಳಿಗ್ಗೆ ಡೈರಿಯ ಹತ್ತಿರ ಜನ ಗುಂಪಾಗಿ ಟಿವಿ ನೋಡುತ್ತಿದ್ದರು. ಅಣ್ಣನನ್ನು ಹೊಸಕೋಟೆ ರಸ್ತೆಯಲ್ಲಿ ಹಾಡಹಗಲೇ ಕೊಚ್ಚಿ ಹಾಕಿದ್ದರು. ಪಕ್ಕದಲ್ಲಿ ಇನ್ನೊಂದು ಹೆಣ, ಮೇಲೆ ಪಂಚೆ ಹೊದಿಸಿತ್ತು. ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅದನ್ನೇ ಮತ್ತೆ ಮತ್ತೆ ತೋರಿಸಿದರು. ನಾನು ಪ್ರತಿ ಸಲವೂ ಆ ಪಾದಗಳನ್ನೇ ನೋಡಿದೆ. ಚಿಕ್ಕಂದಿನಲ್ಲಿ ನಾನೇ ಎಣ್ಣೆ ಹಚ್ಚಿ ನೀರು ಹಾಕಿದ ಪಾದಗಳು ನನಗೆ ಗುರುತು ಸಿಗಬೇಕಲ್ಲ. ಗುರುತು ಸಿಗಲಿಲ್ಲ. ನನ್ನ ಹಿಂದೆ ನಿಂತವರು ಒಬ್ಬೊಬ್ಬರಾಗಿ ದೂರ ಸರಿದದ್ದು ತಿಳಿಯುತ್ತಿತ್ತು.

ಹೊಸಕೋಟೆಗೆ ಹೋದೆ. ಮನೆಗೆ ಬೀಗ. ಕೆಳಗಿನ ಅಂಗಡಿಯವನು ನನ್ನ ಪ್ರಶ್ನೆ ಮುಗಿಯುವ ಮೊದಲೇ “ನಂಗೇನೂ ಗೊತ್ತಿಲ್ಲಮ್ಮ” ಎಂದು ಒಳಗೆ ಹೋದ. ಹೆಣ ಬೇರೆಯವರದು ಎಂದು ಸಂಜೆಯ ಸುದ್ದಿಯಲ್ಲಿ ಹೇಳಿದರು. ಇನ್ನೊಬ್ಬ ತಾಯಿಯ ಮಗ. ನನಗೆ ಆದದ್ದು ಸಮಾಧಾನ. ಅದಕ್ಕಾಗಿ ಇವತ್ತಿಗೂ ನಾಚಿಕೆ ಇದೆ.

ಮೂರನೆಯ ದಿನ ಸೊಸೆ ಮಗುವನ್ನು ಎತ್ತಿಕೊಂಡು, ಒಂದೇ ಒಂದು ಬ್ಯಾಗು ಹಿಡಿದು ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದಳು.

“ಅವ್ರು ಬದುಕವ್ರೆ. ಎಲ್ಲಿ ಅಂತ ಗೊತ್ತಿಲ್ಲ,” ಎಂದಳು. “ಅಣ್ಣನ್ನ ಹೊಡೆಸಿದ್ದು ಇವ್ರೇ ಅಂತ ಅಣ್ಣನ ಕಡೆಯೋರು ಹೇಳ್ತಾವ್ರೆ.”

“ನಿಜನಾ?”

“ಗೊತ್ತಿಲ್ಲ ಅತ್ತೆ. ನಾನು ಕೇಳಿಲ್ಲ.”

ಮಗುವನ್ನು ಬೇರೆ ಮಕ್ಕಳ ಜೊತೆ ಕೂರಿಸಿದೆ. ಮೊಟ್ಟೆ ಕೊಟ್ಟರೆ ಹಳದಿಯನ್ನು ಬಿಟ್ಟು ಬಿಳಿಯನ್ನು ತಿಂದಳು. ವಾರದೊಳಗೆ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣಿಸುವವನಂತೆ ನೋಡಿದ. ಮೊಮ್ಮಗಳ ಕಡೆ ಬೆರಳು ಮಾಡಿ, “ಟೀಚರೇ, ಇದ್ಯಾರ ಮಗು?” ಎಂದ.

“ನನ್ನ ತಮ್ಮನ ಮೊಮ್ಮಗಳು. ಬಾಣಂತನಕ್ಕೆ ಅವರಮ್ಮ ಬಂದವ್ಳೆ,” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೆ ತಮ್ಮನೇ ಇಲ್ಲ ಅನ್ನುವುದು ಅವರು ಹೋದ ಮೇಲೆ ನೆನಪಾಯಿತು. ಡೈರಿಯ ಮುಂದೆ ನಿಜ ಹೇಳಿದ ಬಾಯಿಯೇ ಇದು. ಅವತ್ತೂ ಆ ತೆಲುಗಿನವರ ಮಗುವಿನ ಮುಖ ನೋಡಿಯೇ ಹೇಳಿದ್ದೆ.

ಅದಾದ ಎರಡು ದಿನಕ್ಕೆ, ನಾನು ಮಕ್ಕಳ ತೂಕ ನೋಡುತ್ತಿದ್ದಾಗ, ಫೋನು ಬಂತು. ಗೊತ್ತಿಲ್ಲದ ನಂಬರು. ಆ ಕಡೆಯಿಂದ ಲಾರಿಗಳ ಸದ್ದು.

“ಮಗು ಅಲ್ಲೈತಾ?”

ಆರು ವರ್ಷದ ಮೇಲೆ ಕೇಳಿದ ದನಿ. ದಪ್ಪಗಾಗಿತ್ತು. ಅವನೋ, ಅವನ ಹೆಸರಿನಲ್ಲಿ ಇನ್ಯಾರೋ, ಒಂದು ಕ್ಷಣ ನನಗೆ ಗೊತ್ತಾಗಲಿಲ್ಲ. “ಯಾರು?” ಎಂದೆ.

“ನಾನಮ್ಮ.”

ಇದೆ ಎನ್ನಲೋ ಇಲ್ಲ ಎನ್ನಲೋ ತಿಳಿಯದೆ ತೂಕದ ತಟ್ಟೆಯಲ್ಲಿ ಕೂತ ಮಗುವನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದೆ. “ಐತೆ,” ಎಂದೆ.

“ಅಲ್ಲೇ ಇರ್ಲಿ.” ಅಷ್ಟೇ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾವುದೋ ಟೀ ಅಂಗಡಿಯವನು ಎತ್ತಿ, ಅವರು ಹೋದರು ಎಂದ. ಮಾರನೆಯ ದಿನ ಅಣ್ಣನ ಕೊಲೆಯ ಕೇಸಿನಲ್ಲಿ ಮಗ ಪೊಲೀಸರ ಮುಂದೆ ಹೋಗಿ ನಿಂತ.

ವಿಷಯ ತಿಳಿದು ಗಂಡ ಶೆಡ್ಡಿನ ಕೆಲಸ ಬಿಟ್ಟು ಊರಿಗೆ ಬಂದುಬಿಟ್ಟರು. ಜೈಲಿಗೆ ನಾನು ಮೂರು ಸಲ ಹೋದೆ. ಚೀಟಿ ಬರೆದು ಒಳಗೆ ಕಳಿಸಿದರೆ, ನೋಡುವುದಿಲ್ಲ ಅಂತಾನೆ ಎಂದು ಪೇದೆ ವಾಪಸು ತಂದುಕೊಡುತ್ತಿದ್ದ. ಮೂರನೆಯ ಸಲ ಆ ಪೇದೆಯೇ ಬೇಜಾರಾಗಿ, “ಹೋಗಮ್ಮ, ಬಿಸಿಲಲ್ಲಿ ಯಾಕೆ ನಿಂತ್ಕೊಂತೀಯ,” ಎಂದ.

ಕೊನೆಗೆ ಕೋರ್ಟಿನಲ್ಲಿ ನೋಡಿದೆ. ಕೇಸು ಇದ್ದ ದಿನ ಸೊಸೆಯ ಜೊತೆ ಹೋಗಿ ಮರದ ಕೆಳಗೆ ನಿಂತಿದ್ದೆ. ವ್ಯಾನಿನಿಂದ ಇಳಿಸಿದರು. ಈ ವಯಸ್ಸಿಗೇ ಕೂದಲು ನೆರೆತಿತ್ತು. ಇಬ್ಬರು ಪೊಲೀಸರ ನಡುವೆ ನಡೆದು ಬರುತ್ತಾ ನಮ್ಮನ್ನು ಕಂಡು ನಿಂತುಬಿಟ್ಟ. ನನ್ನ ಮುಖ ನೋಡಿದ. ಬೈಯುತ್ತಾನೆ, ಇಲ್ಲ ಮುಖ ತಿರುಗಿಸುತ್ತಾನೆ ಎಂದುಕೊಂಡೆ.

“ಇಬ್ರೂ ಬಂದಿದ್ದೀರಲ್ಲ, ಮಗು ಹತ್ರ ಯಾರವ್ರೆ?” ಎಂದ.

“ನಿಮ್ಮಪ್ಪ ಅವ್ರೆ.”

“ಮನೇಲಾ?”

“ಹೂಂ.”

ಅವನು ಕೋರ್ಟಿನ ಗೇಟಿನ ಕಡೆ ನೋಡಿದ. ಅಲ್ಲಿ ಟೀ ಕುಡಿಯುತ್ತಾ ನಾಲ್ಕೈದು ಜನ ನಿಂತಿದ್ದರು, ಅಣ್ಣನ ಕಡೆಯವರಿರಬೇಕು. ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಯಾರೋ ಒಬ್ಬ ಇರಬೇಕಾದವನು ಅಲ್ಲಿ ಇಲ್ಲ ಎಂದು ತಿಳಿದವನಂತೆ ಅವನ ಮುಖ ಬದಲಾಯಿತು. ಆ ಮುಖವನ್ನು ನಾನು ಓದಿದೆ. ಬಹಳ ವರ್ಷಗಳ ಮೇಲೆ ಓದಲು ಸಾಧ್ಯವಾಯಿತು.

“ಹೋಗಮ್ಮ. ಬೇಗ ಮನೆಗೆ ಹೋಗು,” ಎಂದ. ಪೊಲೀಸರು ಅವನನ್ನು ಮುಂದಕ್ಕೆ ತಳ್ಳಿದರು.

ನಾವು ಓಡಿದೆವು. ಬಸ್ಸಿಗೆ ಕಾಯಲಿಲ್ಲ, ಸಿಕ್ಕಿದ ಆಟೋ ಹತ್ತಿದೆವು. ಗಂಡನಿಗೆ ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಏರ್‌ಪೋರ್ಟಿನ ಹಿಂದಿನ ರಸ್ತೆಯಲ್ಲಿ ಟಿಪ್ಪರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಆಟೋದವನು ಹಾರನ್ ಹೊಡೆಯುತ್ತಲೇ ಇದ್ದ. ನಮ್ಮೂರಿನ ತಿರುವಿನಲ್ಲಿ ಒಂದು ಬೈಕು ಎದುರಿನಿಂದ ಬಂದು ನಮ್ಮನ್ನು ದಾಟಿ ಹೋಯಿತು. ಇಬ್ಬರು ಕೂತಿದ್ದರು. ಮುಖ ಕಾಣಲಿಲ್ಲ.

ಮಗು ಮನೆಯ ಮುಂದೆ ತಾತನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆಟೋ ನಿಲ್ಲುವ ಮೊದಲೇ ಸೊಸೆ ಇಳಿದು ಮಗುವನ್ನು ಎತ್ತಿಕೊಂಡಳು. ಗಂಡ ಎದ್ದು ನಿಂತು, “ಯಾರೋ ಇಬ್ರು ಬಂದಿದ್ರು. ದಾರಿ ಕೇಳಿದ್ರು,” ಎಂದರು.

“ಯಾವ ದಾರಿ?”

“ಯಾವ್ದೋ ಊರ ಹೆಸರು ಹೇಳಿದ್ರು. ಮಗು ಹೆಸರೇನು ಅಂದ್ರು.”

“ಹೇಳಿದ್ರಾ?”

“ಅವ್ಳೇ ಹೇಳಿಬಿಟ್ಳು,” ಎಂದರು.

ಆ ವಾರವೇ ಮಗುವನ್ನು ಸೊಸೆಯ ಚಿಕ್ಕಮ್ಮನ ಊರಿಗೆ ಕಳಿಸಿದೆವು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಶಾಲೆಗೆ ಸೇರಿದ್ದಾಳೆ, ಚೆನ್ನಾಗಿ ಓದುತ್ತಾಳೆ. ನಾನು ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತೇನೆ, ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ. ಮಗನಿಗೆ ಶಿಕ್ಷೆಯಾಯಿತು. ನಾನು ನಿವೃತ್ತಳಾದೆ. ನನ್ನ ಬದಲಿಗೆ ಬಂದ ಟೀಚರಿಗೆ ಬೀಗದ ಕೈ ಕೊಡುವಾಗ, ಬಾಗಿಲಿಗೆ ಒಳಗಿನಿಂದ ಎರಡು ಚಿಲಕ ಯಾಕೆ ಎಂದು ಅವಳು ಕೇಳಿದಳು. ಗಾಳಿ ಜಾಸ್ತಿ ಎಂದೆ.

ಸೊಸೆ ನಮ್ಮ ಜೊತೆಯಲ್ಲೇ ಇದ್ದಾಳೆ. ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಬರುತ್ತಾಳೆ. ಅವಳು ಬಂದು ಚಪ್ಪಲಿ ಬಿಡುವಾಗ, “ಏನಂದ?” ಎಂದು ನಾನು ಕೇಳುತ್ತೇನೆ.

“ಮಗು ಹೆಂಗವ್ಳೆ ಅಂದ್ರು. ಮಾವನ ವಿಷ್ಯ ಕೇಳಿದ್ರು.”

ನನ್ನ ವಿಷಯ ಕೇಳಿದನಾ ಎಂಬ ಮುಂದಿನ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ. ಒಳಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬರುತ್ತಾಳೆ.